ಕಂಪನಿ ಟೈರೋ, ಬಟನ್ ಟೈರೋ: ಘಟ್ಟದ ಬುಡದ ಜೀಪಿಗೆ ತಕ್ಕ ಆಯ್ಕೆ

ಫೋರ್ ವೀಲ್ ಜೀಪುಗಳ ಬಗ್ಗೆ ಆಸಕ್ತಿಯುಳ್ಳವರು ಎಂಜಿನ್, ಗೇರ್ ಬಾಕ್ಸ್, ಸ್ಪ್ರಿಂಗ್ ಪಟ್ಟಿಗಳ ಗುಣದೋಷಗಳಲ್ಲಿ ಬಹುಮಟ್ಟಿಗೆ ಒಮ್ಮತಕ್ಕೆ ಬರುತ್ತಾರಾದರೂ, ವಾಹನದೊಂದಿಗೆ ಕಂಪನಿಯಿಂದಲೇ ಬಂದ ಟೈರನ್ನು ಉಳಿಸಿಕೊಳ್ಳಬೇಕೇ ಅಥವಾ ಅಂಗಡಿಯಿಂದ ದಪ್ಪ ಹಲ್ಲುಗಳ ಬಟನ್ ಟೈರು ತಂದು ಹಾಕಬೇಕೇ ಎಂಬ ಪ್ರಶ್ನೆಯಲ್ಲಿ ಎರಡು ಪಕ್ಷಗಳಾಗುತ್ತಾರೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ಪ್ರಶ್ನೆ ಕೇವಲ ಹವ್ಯಾಸಕ್ಕೆ ಸಂಬಂಧಿಸಿದ್ದಲ್ಲ. ಮಳೆಗಾಲದಲ್ಲಿ ಮನೆಗೂ ಡಾಮರು ರಸ್ತೆಗೂ ನಡುವೆ ಉಳಿದಿರುವ ಒಂದೆರಡು ಕಿಲೋಮೀಟರ್ ದಾರಿಯಲ್ಲಿ ರೋಗಿಯನ್ನೋ ಶಾಲೆಯ ಮಕ್ಕಳನ್ನೋ ಗೊಬ್ಬರದ ಚೀಲವನ್ನೋ ಸಾಗಿಸಬೇಕಾದ ಕುಟುಂಬಗಳಿಗೆ ಅದು ನಿತ್ಯದ ಪ್ರಶ್ನೆ. ಟೈರಿನ ಆಯ್ಕೆ ವಾಹನದ ಅಂದವನ್ನು ನೋಡಿ ಆಗಬಾರದು, ಅದು ತುಳಿಯುವ ನೆಲವನ್ನು ನೋಡಿ ಆಗಬೇಕು ಎಂಬುದೇ ಈ ಬರಹದ ನಿಲುವು.

ಆ ನೆಲವನ್ನು ಮೊದಲು ಗುರುತಿಸಬೇಕು. ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಸೀಮೆಯಲ್ಲಿ ವರ್ಷದ ಮಳೆ 3,500 ಮಿಲಿಮೀಟರ್ ಮೀರುವುದು ಸಾಮಾನ್ಯ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅಡಿಕೆಗೆ ಕೊಳೆರೋಗ ತಗುಲದಂತೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸವೂ ಇದೇ ತಿಂಗಳುಗಳಲ್ಲಿ ಬರುವುದರಿಂದ, ದಾರಿ ಅತ್ಯಂತ ಕೆಟ್ಟಿರುವ ಹೊತ್ತಿನಲ್ಲೇ ಜೀಪಿಗೆ ಹೊರೆ ಹೆಚ್ಚು. ಕೊಲ್ಲಮೊಗ್ರು, ಕಲ್ಮಕಾರು, ಮಡಪ್ಪಾಡಿಯಂಥ ಗುಡ್ಡದ ಊರುಗಳಲ್ಲಿ ಒಂದೇ ಪಯಣದೊಳಗೆ ನಾಲ್ಕು ಬಗೆಯ ನೆಲ ಎದುರಾಗಬಹುದು: ನೀರು ಹರಿಯುವ ಡಾಮರು, ಪಾಚಿ ಕಟ್ಟಿದ ಕಡಿದಾದ ಕಾಂಕ್ರೀಟ್ ಚಡಾವು, ಗಟ್ಟಿ ಮುರಕಲ್ಲಿನ ಮೇಲೆ ತೆಳುವಾಗಿ ಹರಡಿದ ಕೆಂಪು ಜೇಡಿ, ಮತ್ತು ತೋಡಿನ ಬದಿಯ ಆಳವಾದ ಕೆಸರು. ಈ ನಾಲ್ಕಕ್ಕೂ ಸಮನಾಗಿ ಒಗ್ಗುವ ಟೈರನ್ನು ಯಾರೂ ತಯಾರಿಸಿಲ್ಲ.

ಹಳೆಯ ಜೀಪುಗಳ ಕಾಲದಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿರಲಿಲ್ಲ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪು 6.00-16 ಅಳತೆಯ, ಅಂದರೆ ಸುಮಾರು 6 ಇಂಚು ಅಗಲದ, 16 ಇಂಚು ರಿಮ್ಮಿಗೆ ಕೂರುವ ಟೈರಿನ ಮೇಲೆ ಓಡಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಆ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ತೊಡಗಿದ ಮೇಲೆ ಕಿರಿದಗಲದ ಎತ್ತರದ ಚಕ್ರವೇ ಇಲ್ಲಿನ ಜೀಪಿನ ಗುರುತಾಯಿತು. ಆ ಟೈರಿನ ನೂಲಿನ ಪದರಗಳು ಒಂದಕ್ಕೊಂದು ಓರೆಯಾಗಿ ಹಾಯುತ್ತಿದ್ದುದರಿಂದ ಅದನ್ನು ಬಯಾಸ್ ಅಥವಾ ಕ್ರಾಸ್ ಪ್ಲೈ ಎನ್ನುತ್ತಾರೆ. ಪದರಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯ್ದು ಮೇಲೊಂದು ಉಕ್ಕಿನ ತಂತಿಯ ಪಟ್ಟಿ ಸುತ್ತಿರುವುದು ಇಂದಿನ ರೇಡಿಯಲ್. ಕಿರಿದಾದ ಟೈರು ತೆಳು ಕೆಸರನ್ನು ಸೀಳಿ ಕೆಳಗಿನ ಮುರಕಲ್ಲನ್ನು ಮುಟ್ಟುತ್ತಿತ್ತು, ಅದೂ ಸಾಲದ ಜಾಗದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟುವ ಪದ್ಧತಿ ಮಲೆನಾಡಿನಲ್ಲಿ ಬಳಕೆಗೆ ಬಂತು. ಚೈನಿನ ವಿಶೇಷ ಗುಣವೆಂದರೆ ಅದನ್ನು ಬೇಕಾದ ದಾರಿಗೆ ಕಟ್ಟಿ, ಬೇಡದ ದಾರಿಯಲ್ಲಿ ಬಿಚ್ಚಬಹುದು. ಬಟನ್ ಟೈರಿಗೆ ಆ ಸೌಲಭ್ಯವಿಲ್ಲ.

ಇಂದಿನ ಮಾರುಕಟ್ಟೆಯ ಟೈರುಗಳನ್ನು ಮೇಲ್ಮೈಯ ವಿನ್ಯಾಸಕ್ಕೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಹೈವೇ ಟೆರೇನ್ ಟೈರಿನಲ್ಲಿ ಸಣ್ಣ ಕಟ್ಟೆಗಳು ಒತ್ತೊತ್ತಾಗಿದ್ದು ಅದು ಡಾಮರಿನಲ್ಲಿ ಸದ್ದಿಲ್ಲದೆ ಓಡುತ್ತದೆ. ಮಡ್ ಟೆರೇನ್ ಟೈರಿನಲ್ಲಿ ದೊಡ್ಡ ಗುಬಟುಗಳ ನಡುವೆ ಅಗಲವಾದ ಖಾಲಿ ಜಾಗವಿರುತ್ತದೆ. ಸ್ಥಳೀಯರು ಬಟನ್ ಟೈರು ಎನ್ನುವುದು ಇದಕ್ಕೆ. ಇವೆರಡರ ನಡುವಿನದು ಆಲ್ ಟೆರೇನ್. ಮಡ್ ಟೆರೇನ್‌ನ ಖಾಲಿ ಜಾಗದ ಉದ್ದೇಶ ಕೆಸರನ್ನು ಹಿಡಿದು ಹಿಂದಕ್ಕೆ ತಳ್ಳುವುದು ಮತ್ತು ಚಕ್ರ ತಿರುಗಿದಂತೆ ಆ ಕೆಸರನ್ನು ಹೊರಗೆ ಎಸೆದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವುದು. ಹಾಗೆ ಶುಚಿಯಾಗದ ಟೈರಿನ ಸಂದುಗಳು ಜೇಡಿಯಿಂದ ತುಂಬಿಕೊಂಡಾಗ ಅದು ನುಣುಪಾದ ಉರುಳೆಯಾಗಿ ಬಿಡುತ್ತದೆ. ಮುರಕಲ್ಲಿನ ಮೇಲಿನ ಕೆಂಪು ಜೇಡಿಯಲ್ಲಿ ಕಂಪನಿಯ ಹೈವೇ ಟೈರು ಸೋಲುವುದು ಇದೇ ಕಾರಣಕ್ಕೆ, ಆದ್ದರಿಂದ ಆ ನೆಲದ ಮಟ್ಟಿಗೆ ಬಟನ್ ಟೈರಿನ ಪಕ್ಷದವರ ವಾದ ಸಂಪೂರ್ಣ ಸರಿ.

ಆದರೆ ಕಳೆದ ಎರಡು ಮೂರು ದಶಕಗಳಲ್ಲಿ ಈ ತಾಲೂಕುಗಳ ಬಹಳಷ್ಟು ಮಣ್ಣಿನ ಚಡಾವುಗಳು ಕಾಂಕ್ರೀಟ್ ಕಂಡಿವೆ, ಅಡಿಕೆ ಮತ್ತು ರಬ್ಬರು ತೋಟದ ನೆರಳಿನಲ್ಲಿ ಆ ಕಾಂಕ್ರೀಟಿನ ಮೇಲೆ ಆಟಿ ತಿಂಗಳ ಹೊತ್ತಿಗೆ ಪಾಚಿ ಬೆಳೆಯುತ್ತದೆ. ನೆನೆದ ಗಟ್ಟಿ ನೆಲದಲ್ಲಿ ಹಿಡಿತ ಹುಟ್ಟುವುದು ನೆಲಕ್ಕೆ ತಗಲುವ ರಬ್ಬರಿನ ವಿಸ್ತಾರದಿಂದ, ಅದರ ಮೃದುತ್ವದಿಂದ ಮತ್ತು ಕಟ್ಟೆಗಳ ಮೇಲೆ ಕೊಯ್ದ ಸೈಪ್ ಎಂಬ ಕೂದಲೆಳೆಯಂಥ ಸೀಳುಗಳ ಅಂಚುಗಳಿಂದ. ದೊಡ್ಡ ಗುಬಟುಗಳ ಮಡ್ ಟೆರೇನ್ ಟೈರಿನಲ್ಲಿ ತಗಲುವ ರಬ್ಬರು ಕಡಿಮೆ, ಸೈಪ್‌ಗಳೂ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಕೆಸರಿನಲ್ಲಿ ಗೆದ್ದ ಟೈರು ಪಾಚಿಯ ಚಡಾವಿನಲ್ಲಿ ಜಾರುವುದೂ, ಮಳೆಯಲ್ಲಿ ಮಾಣಿ–ಮೈಸೂರು ಹೆದ್ದಾರಿಯ ಸಂಪಾಜೆ ಘಾಟಿಯನ್ನು ಇಳಿಯುವಾಗ ಬ್ರೇಕಿಗೆ ತಡವಾಗಿ ಸ್ಪಂದಿಸುವುದೂ ವಿಚಿತ್ರವಲ್ಲ. ಅದು ಆ ವಿನ್ಯಾಸದೊಳಗೇ ಇರುವ ಮಿತಿ.

ಇನ್ನು ಅಗಲದ ವಿಚಾರ. ಉತ್ತರ ಅಮೆರಿಕದ ಹಿಮಪರ್ವತಗಳಲ್ಲಿ ಸ್ನೋಮೊಬೈಲ್ ಎಂಬ ಹಿಮವಾಹನ ಓಡಿಸುವವರಲ್ಲೂ ಇದೇ ಜಿಜ್ಞಾಸೆ ಇದೆ. ಆ ವಾಹನಕ್ಕೆ ಹಿಂದೆ ತಿರುಗುವ ಪಟ್ಟಿಯೂ ಮುಂದೆ ದಿಕ್ಕು ತಿರುಗಿಸುವ ಎರಡು ಸ್ಕೀಗಳೂ ಇರುತ್ತವೆ. ಅಗಲವಾದ ಸ್ಕೀ ಮೆತ್ತನೆಯ ಆಳವಾದ ಹಿಮದ ಮೇಲೆ ತೇಲುತ್ತದೆ, ಸ್ಕೀಯ ಅಡಿಯಲ್ಲಿ ಉದ್ದಕ್ಕೆ ಚಾಚಿದ ಏಣು ಹಿಮವನ್ನು ಕಚ್ಚಿ ತಿರುವಿನಲ್ಲಿ ದಾರಿ ತಪ್ಪದಂತೆ ಹಿಡಿಯುತ್ತದೆ. ತೇಲುವುದು ಮತ್ತು ಕಚ್ಚುವುದು ಎಂಬ ಈ ಎರಡು ಗುಣಗಳ ನಡುವಣ ಹಗ್ಗಜಗ್ಗಾಟವೇ ಜೀಪಿನ ಟೈರಿನಲ್ಲೂ ನಡೆಯುತ್ತದೆ. ಕೆಸರಿನ ತಳ ಸಿಗದಷ್ಟು ಆಳವಿದ್ದಲ್ಲಿ ಅಗಲ ಟೈರು ಭಾರವನ್ನು ಹರಡಿ ತೇಲಿಸುತ್ತದೆ. ತೆಳು ಜೇಡಿಯ ಕೆಳಗೆ ಗಟ್ಟಿ ನೆಲವಿದ್ದಲ್ಲಿ ಅದೇ ಅಗಲ ಟೈರು ಜೇಡಿಯ ಮೇಲೆಯೇ ಉಳಿದು ಜಾರುತ್ತದೆ. ಈ ಸೀಮೆಯ ಗುಡ್ಡದ ದಾರಿಗಳಲ್ಲಿ ಎರಡನೆಯ ಸ್ಥಿತಿಯೇ ಹೆಚ್ಚಾದ್ದರಿಂದ ಕಿರಿದಗಲಕ್ಕೆ ಇಲ್ಲಿ ಮರ್ಯಾದೆ ಹೆಚ್ಚು. ಮುಂಚಕ್ರಗಳ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ: ಅಡ್ಡಕ್ಕಿರುವ ಹಲ್ಲುಗಳು ವಾಹನವನ್ನು ಮುಂದಕ್ಕೆ ಎಳೆಯುತ್ತವೆ, ಆದರೆ ಸ್ಟೀರಿಂಗ್ ತಿರುಗಿಸಿದಾಗ ಮಾತು ಕೇಳುವುದು ಉದ್ದಕ್ಕಿರುವ ಅಂಚುಗಳು ಇದ್ದರೆ ಮಾತ್ರ.

ವಾಹನ ತಯಾರಕರು ಕೊಡುವ ಅಳತೆಗಳನ್ನು ನೋಡಿದರೆ ಅವು ಆಲೋಚಿಸಿ ಮಾಡಿಕೊಂಡ ರಾಜಿಗಳೆಂಬುದು ತಿಳಿಯುತ್ತದೆ. ಮಾರುತಿ ಜಿಪ್ಸಿ ಕಿಂಗ್‌ಗೆ 205/70 ಆರ್ 15, 2023ರಲ್ಲಿ ಬಂದ ಜಿಮ್ನಿಗೆ 195/80 ಆರ್ 15, 2020ರ ಥಾರ್‌ನ ಒಂದು ಮಾದರಿಗೆ 245/75 ಆರ್ 16, ಇನ್ನೊಂದಕ್ಕೆ 255/65 ಆರ್ 18 ಅಳತೆಯ ಟೈರುಗಳು ಬಂದವು. ಇಲ್ಲಿ ಮೊದಲ ಸಂಖ್ಯೆ ಮಿಲಿಮೀಟರ್‌ನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾರ್ಶ್ವದ ಎತ್ತರ ಎಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಜಿಪ್ಸಿಗೆ 215/75 ಆರ್ 15 ಹಾಕಿದರೆ ಚಕ್ರದ ವ್ಯಾಸ ಸುಮಾರು 668 ಮಿಲಿಮೀಟರ್‌ನಿಂದ 703ಕ್ಕೆ, ಅಂದರೆ ಶೇಕಡಾ 5ರಷ್ಟು ಏರುತ್ತದೆ. ನೆಲದಿಂದ ಆಕ್ಸಲ್‌ನ ಎತ್ತರಕ್ಕೆ ಸಿಗುವ ಲಾಭ ಅದರ ಅರ್ಧ, ಸುಮಾರು 18 ಮಿಲಿಮೀಟರ್ ಮಾತ್ರ. ಅದಕ್ಕೆ ಪ್ರತಿಯಾಗಿ ಪ್ರತಿ ಗೇರಿನಲ್ಲೂ ಎಳೆಯುವ ಬಲ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ, ಸ್ಪೀಡೋಮೀಟರ್ 50 ತೋರಿಸುವಾಗ ವೇಗ ಮೊದಲಿಗಿಂತ ಶೇಕಡಾ 5ರಷ್ಟು ಹೆಚ್ಚಿರುತ್ತದೆ. ಚಡಾವು ಹತ್ತಲೆಂದು ಹಾಕಿದ ಟೈರು ಚಡಾವಿಗೆ ಬೇಕಾದ ಬಲವನ್ನೇ ಕಡಿಮೆ ಮಾಡುವ ಈ ವೈರುಧ್ಯವನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು.

ರಿಮ್ಮನ್ನು ಬದಲಿಸಿ ಚಕ್ರ ಹೊರಕ್ಕೆ ಚಾಚುವಂತೆ ಮಾಡಿದರೆ ತೊಂದರೆ ಇನ್ನೂ ಹೆಚ್ಚು. ಸ್ಟೀರಿಂಗ್ ತಿರುಗುವ ಅಕ್ಷರೇಖೆ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುಭಾಗಕ್ಕೂ ಇರುವ ಅಂತರ ಹಿಗ್ಗಿದಷ್ಟೂ ಕಲ್ಲಿನ ಮೇಲೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಚಕ್ರದ ಬೇರಿಂಗಿಗೂ ಹೊರೆ ಏರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿದಿದೆ ಎಂಬುದೂ ನೆನಪಿರಬೇಕು.

ಎರಡೇ ಬಟನ್ ಟೈರು ಕೊಂಡು ಮುಂದೆಯೋ ಹಿಂದೆಯೋ ಹಾಕುವ ಉಳಿತಾಯವೂ ಅಪಾಯಕಾರಿ. ಮೇಲೆ ಹೇಳಿದ ವಾಹನಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ, ಏಕೆಂದರೆ ನಡುವೆ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಶಿಯಲ್ ಇಲ್ಲ. ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆ ಬೇರೆಯಾದರೆ ಗೇರುಗಳೂ ಶಾಫ್ಟುಗಳೂ ಒಂದನ್ನೊಂದು ತಿರುಚುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿ ಸಡಿಲವಾಗುತ್ತದೆ, ಕಾಂಕ್ರೀಟಿನಲ್ಲಿ ಸಡಿಲವಾಗದೆ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟಾಗುತ್ತದೆ. ಬದಲಿಸುವುದಾದರೆ ನಾಲ್ಕನ್ನೂ, ಸಾಧ್ಯವಾದರೆ ಸ್ಟೆಪ್ನಿಯನ್ನೂ ಒಂದೇ ಬಗೆಯದಾಗಿ ಬದಲಿಸಬೇಕು.

ದುಡ್ಡು ಸುರಿಯುವ ಮೊದಲು ಮಾಡಬೇಕಾದ ಅಗ್ಗದ ಕೆಲಸಗಳು ಹಲವು ಇವೆ. ಮೊದಲನೆಯದು ಗಾಳಿ: 30 ಪೌಂಡಿನ ಆಸುಪಾಸಿನಲ್ಲಿರುವ ಗಾಳಿಯನ್ನು ಕೆಸರಿನ ದಾರಿಗೆ 20ರ ಹತ್ತಿರಕ್ಕೆ ಇಳಿಸಿದರೆ ಟೈರು ನೆಲಕ್ಕೆ ಉದ್ದವಾಗಿ ಒರಗುತ್ತದೆ, ಆದರೆ ನಿಧಾನವಾಗಿ ಓಡಿಸಿ ಡಾಮರು ಸೇರುವ ಮುನ್ನ ಮತ್ತೆ ತುಂಬಿಸಲೇಬೇಕು. ಎರಡನೆಯದು ವಯಸ್ಸು ಮತ್ತು ಸವಕಲು: ಪಾರ್ಶ್ವದ ಮೇಲಿನ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, ಅಂದರೆ 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು, ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್ ಆದರೂ, ಅಷ್ಟೇ ಆಳ ಉಳಿದ ಟೈರು ಈ ಸೀಮೆಯ ಮಳೆಗೆ ಸಾಲದು. ಮೂರನೆಯದು ದಾರಿಯದೇ ಆರೈಕೆ: ಅಂಗಳಕ್ಕೆ ಹಾಕುವ ಬ್ಲೀಚಿಂಗ್ ಪುಡಿಯನ್ನು ಚಡಾವಿಗೂ ಹಾಕಿ ಪಾಚಿ ತೆಗೆಯುವುದು, ಹೊಸ ಕಾಂಕ್ರೀಟಿಗೆ ಹಸಿಯಿರುವಾಗಲೇ ಅಡ್ಡಗೀರು ಎಳೆಯುವುದು, ಕಣಿಯ ನೀರು ದಾರಿಗೆ ಹರಿಯದಂತೆ ತಿರುಗಿಸುವುದು.

ಇವೆಲ್ಲವನ್ನೂ ತೂಗಿ ನೋಡಿದರೆ ತೀರ್ಮಾನ ಕಷ್ಟವಲ್ಲ. ಮನೆಯವರೆಗೆ ಡಾಮರು ಅಥವಾ ಕಾಂಕ್ರೀಟ್ ಇರುವ ಪುತ್ತೂರು ಪೇಟೆಯ ಸುತ್ತಲಿನ ಬಹುತೇಕ ಮನೆಗಳಿಗೆ ಕಂಪನಿಯ ಟೈರೇ ಸಾಕು. ದಾರಿಯ ಒಂದು ಭಾಗ ಮಣ್ಣಾಗಿ ಉಳಿದವರು ಕಂಪನಿಯದೇ ಅಳತೆಯಲ್ಲಿ ಆಲ್ ಟೆರೇನ್ ಟೈರನ್ನು, ಅಡಿಕೆ ಚೀಲದ ಹೊರೆಗೆ ತಕ್ಕ ಭಾರಸಾಮರ್ಥ್ಯ ನೋಡಿ, ನಾಲ್ಕೂ ಒಟ್ಟಿಗೆ ಹಾಕುವುದು ಲೇಸು. ಈ ಮೂರು ತಾಲೂಕುಗಳ ಹೆಚ್ಚಿನ ಜೀಪುಗಳಿಗೆ ಒಪ್ಪುವ ಆಯ್ಕೆ ಇದು. ವರ್ಷದ ನಾಲ್ಕು ತಿಂಗಳು ದಿನವೂ ಕೆಂಪು ಜೇಡಿಯನ್ನೇ ಹತ್ತಿಳಿಯಬೇಕಾದ ಘಟ್ಟದಂಚಿನ ಮನೆಗಳಿಗೆ ಬಟನ್ ಟೈರು ಬೇಕೇ ಬೇಕು, ಆದರೆ ಅದು ಕಿರಿದಗಲದ್ದಾಗಿರಲಿ, ಕಂಪನಿಯ ವ್ಯಾಸವನ್ನು ಮೀರದಿರಲಿ, ಅದನ್ನು ಹಾಕಿಕೊಂಡವರು ಹೆದ್ದಾರಿಯ ಮಳೆಯಲ್ಲಿ ಮುಂದಿನ ವಾಹನಕ್ಕೆ ಇನ್ನಷ್ಟು ಅಂತರ ಬಿಡಲಿ.