ನರ್ತಕನ ಬದುಕೇ ಬ್ಯಾಲೆಯಾದಾಗ: ರಸಿಕರಿಗೊಂದು ಕೈಪಿಡಿ

ಹೆಸರಾಂತ ನರ್ತಕರ ಬದುಕನ್ನೇ ವಸ್ತುವಾಗಿಸಿಕೊಂಡ ಬ್ಯಾಲೆಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ರಂಗಭೂಮಿಯಲ್ಲಿ ಬಲವಾಗಿ ಬೇರೂರಿದವು. ಮಾರಿಸ್ ಬೆಜಾರ್ 1971ರಲ್ಲಿ ರಷ್ಯಾದ ನರ್ತಕ ವಾಸ್ಲಾವ್ ನಿಜಿನ್‌ಸ್ಕಿಯ ಕಥೆಯನ್ನು, ಕೆನೆತ್ ಮ್ಯಾಕ್‌ಮಿಲನ್ 1981ರಲ್ಲಿ ಇಸಡೋರಾ ಡಂಕನ್‌ಳ ಕಥೆಯನ್ನು ರಂಗಕ್ಕೆ ತಂದರು. ಈ ಬಗೆಯ ಕೃತಿಗಳನ್ನು ನೋಡಲು ಕಲಿಯುವವರಿಗೆ ಜಾನ್ ನ್ಯೂಮೈಯರ್ ಸಂಯೋಜಿಸಿದ ‘ನಿಜಿನ್‌ಸ್ಕಿ’ ಒಳ್ಳೆಯ ಆರಂಭ. ಹ್ಯಾಂಬರ್ಗ್ ಬ್ಯಾಲೆ ತಂಡ ಇದನ್ನು 2000ದ ಜುಲೈ 2ರಂದು ಮೊದಲ ಬಾರಿ ಪ್ರದರ್ಶಿಸಿತು.

ಮೂಲ ಸವಾಲು

ನಿಜಿನ್‌ಸ್ಕಿಯ ನೃತ್ಯವನ್ನು ಸೆರೆಹಿಡಿದ ಚಲನಚಿತ್ರ ಒಂದೂ ಉಳಿದಿಲ್ಲ. ಇರುವುದು ಛಾಯಾಚಿತ್ರಗಳು, ಕಲಾವಿದರ ರೇಖಾಚಿತ್ರಗಳು, ತಂಗಿ ಬ್ರೊನಿಸ್ಲಾವಾಳ ನೆನಪುಗಳು ಮತ್ತು ಆತನೇ 1919ರಲ್ಲಿ ಬರೆದ ದಿನಚರಿ. ನೋಡಿದವರು ಬೆರಗಾಗಿ ಬಣ್ಣಿಸಿದ ಆ ನೆಗೆತವನ್ನು ಇಂದಿನ ನರ್ತಕ ಅನುಕರಿಸಲಾರ. ಹಾಗಾಗಿ ‘ಆತ ಹೀಗೆಯೇ ಕುಣಿಯುತ್ತಿದ್ದನೇ’ ಎಂಬ ಪ್ರಶ್ನೆಯಿಂದ ರಸಿಕರಿಗೆ ಹೆಚ್ಚು ದಕ್ಕುವುದಿಲ್ಲ. ಬದುಕಿನ ಯಾವ ಗಳಿಗೆಯಲ್ಲಿ ಯಾವ ಪಾತ್ರ ರಂಗಕ್ಕೆ ಬರುತ್ತದೆ, ಏಕೆ ಬರುತ್ತದೆ ಎಂದು ಗಮನಿಸಿದರೆ ಕೃತಿ ತೆರೆದುಕೊಳ್ಳುತ್ತದೆ.

ಕಥೆಯ ಚೌಕಟ್ಟು

ಬ್ಯಾಲೆ ಶುರುವಾಗುವುದು ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಸುವ್ರೆಟ್ಟಾ ಹೌಸ್ ಹೋಟೆಲಿನ ಸಭಾಂಗಣದಲ್ಲಿ. 1919ರ ಜನವರಿ 19ರಂದು ನಿಜಿನ್‌ಸ್ಕಿ ಅಲ್ಲಿ ಕೊನೆಯ ಬಾರಿ ಪ್ರೇಕ್ಷಕರ ಮುಂದೆ ಕುಣಿದ. ಅದನ್ನು ದೇವರೊಂದಿಗಿನ ಮದುವೆ ಎಂದು ಕರೆದ. ಬಂದವರನ್ನು ದಿಟ್ಟಿಸುತ್ತ ಬಹಳ ಹೊತ್ತು ಸುಮ್ಮನೆ ಕುಳಿತ. ಆಮೇಲೆ ಯುದ್ಧವನ್ನು ಕುಣಿದು ತೋರಿಸಿದ. ಆಗ ಆತನಿಗೆ ಮೂವತ್ತು ತುಂಬಿರಲಿಲ್ಲ. ಸ್ವಲ್ಪ ದಿನಗಳಲ್ಲೇ ಜ್ಯೂರಿಕ್‌ನ ವೈದ್ಯರು ಸ್ಕಿಜೋಫ್ರೇನಿಯಾ ಎಂದು ಗುರುತಿಸಿದರು. 1950ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವವರೆಗೂ ಆತ ವೃತ್ತಿರಂಗಕ್ಕೆ ಮರಳಲಿಲ್ಲ.

ಇಡೀ ಕೃತಿ ಆ ಸಭಾಂಗಣದಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ನಡುವೆ ಬರುವುದೆಲ್ಲ ನೆನಪು. ಆದ್ದರಿಂದ ಘಟನೆಗಳು ಕಾಲಕ್ರಮದಲ್ಲಿ ಬರುವುದಿಲ್ಲ. ಒಂದರೊಳಗೊಂದು ಸೇರಿಕೊಂಡು ಬರುತ್ತವೆ.

ಒಬ್ಬನಿಗೆ ಹಲವು ದೇಹ

ಭರತನಾಟ್ಯದ ಏಕಾಹಾರ್ಯ ಅಭಿನಯದಲ್ಲಿ ಒಬ್ಬಳೇ ನರ್ತಕಿ ಕ್ಷಣಕ್ಕೊಮ್ಮೆ ಯಶೋದೆಯೂ ಕೃಷ್ಣನೂ ಆಗುತ್ತಾಳೆ. ಇಲ್ಲಿ ಅದರ ತಿರುವುಮುರುವು: ಒಬ್ಬನೇ ಮನುಷ್ಯನನ್ನು ಹಲವರು ಹಂಚಿಕೊಳ್ಳುತ್ತಾರೆ. ನಿಜಿನ್‌ಸ್ಕಿಯಾಗಿ ಒಬ್ಬ ನರ್ತಕನಿದ್ದರೆ, ಆತ ಹೆಸರು ಮಾಡಿದ ಪಾತ್ರಗಳಾಗಿ ಬೇರೆಯವರು ಬರುತ್ತಾರೆ. ‘ಷೆಹೆರಾಜಾದ್’ನ ಚಿನ್ನದ ಗುಲಾಮ, ಗುಲಾಬಿಯ ಚೇತನ, ಗೊಂಬೆ ಪೆಟ್ರುಷ್ಕ, ಕಾಡಿನ ಪುರಾಣಜೀವಿ ಫಾನ್ ಅವರಲ್ಲಿ ಮುಖ್ಯರು.

ಈ ತಂತ್ರದ ಸೊಗಸು ಹಡಗಿನ ದೃಶ್ಯದಲ್ಲಿ ಚೆನ್ನಾಗಿ ಕಾಣುತ್ತದೆ. 1913ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗುವಾಗ ನಿಜಿನ್‌ಸ್ಕಿಗೂ ರೊಮೊಲಾ ಎಂಬಾಕೆಗೂ ಸಂಬಂಧ ಕುದುರಿ, ಬ್ಯೂನಸ್ ಐರಿಸ್‌ನಲ್ಲಿ ಮದುವೆಯಾಯಿತು. ಬ್ಯಾಲೆಯಲ್ಲಿ ಆಕೆ ನಿಜಿನ್‌ಸ್ಕಿಯೊಂದಿಗಷ್ಟೇ ಅಲ್ಲ, ಫಾನ್‌ನೊಂದಿಗೂ ಕುಣಿಯುತ್ತಾಳೆ. ಆಕೆ ಒಲಿದದ್ದು ಮನುಷ್ಯನಿಗೋ ಪಾತ್ರಕ್ಕೋ ಎಂಬ ಪ್ರಶ್ನೆಯನ್ನು ಮೂವರ ಹೆಜ್ಜೆಗಳೇ ಕೇಳುತ್ತವೆ. ನಿಜಿನ್‌ಸ್ಕಿ ಕುಣಿಯುತ್ತಿದ್ದ ‘ಬ್ಯಾಲೆ ರೂಸ್’ ತಂಡದ ಮುಖ್ಯಸ್ಥ ಡಯಾಘಿಲೆವ್ ಈ ಮದುವೆಯ ಸುದ್ದಿ ತಿಳಿದು ಆತನನ್ನು ತಂಡದಿಂದ ಹೊರಹಾಕಿದ.

ಗುರುತು ಹಿಡಿಯಬೇಕಾದ ಭಂಗಿಗಳು

ಮೂರು ಭಂಗಿಗಳ ಪರಿಚಯವಿದ್ದರೆ ಕೃತಿಯ ಬಹುಭಾಗ ಬಿಡಿಸಿಕೊಳ್ಳುತ್ತದೆ. 1911ರ ‘ಗುಲಾಬಿಯ ಚೇತನ’ದಲ್ಲಿ ತೋಳುಗಳು ಎಸಳಿನಂತೆ ಮುಖದ ಸುತ್ತ ಬಾಗುತ್ತವೆ. ಅದೇ ವರ್ಷದ ‘ಪೆಟ್ರುಷ್ಕ’ದಲ್ಲಿ ಪಾದಗಳು ಒಳಕ್ಕೆ ತಿರುಗಿ, ಕೈಗಳು ಜೋತುಬೀಳುತ್ತವೆ. ಪಾದವನ್ನು ಹೊರಕ್ಕೆ ತಿರುಗಿಸುವ ಬ್ಯಾಲೆಯ ಮೊದಲ ಪಾಠಕ್ಕೇ ಇದು ವಿರುದ್ಧ. ನಿಜಿನ್‌ಸ್ಕಿ ತಾನೇ ಸಂಯೋಜಿಸಿದ 1912ರ ‘ಫಾನ್‌ನ ಮಧ್ಯಾಹ್ನ’ದಲ್ಲಿ ದೇಹವು ಗ್ರೀಕ್ ಹೂಜಿಗಳ ಚಿತ್ರದಂತೆ ಪಕ್ಕನೋಟದಲ್ಲಿ, ಚಪ್ಪಟೆಯಾಗಿ ಚಲಿಸುತ್ತದೆ. ಇವು ವೇಷವಿಲ್ಲದ ನಿಜಿನ್‌ಸ್ಕಿಯ ಮೈಮೇಲೆ ಮರುಕಳಿಸುವಾಗ ಪಾತ್ರವು ಬದುಕಿನೊಳಗೆ ನುಗ್ಗಿದೆ ಎಂದು ತಿಳಿಯಬೇಕು.

ಸಂಗೀತ ಮತ್ತು ಎರಡನೆಯ ಅಂಕ

ಮೊದಲ ಅಂಕದಲ್ಲಿ ಶೋಪನ್, ಶೂಮನ್, ರಿಮ್ಸ್ಕಿ ಕೊರ್ಸಕೊವ್ ಸಂಗೀತವೂ ಶೊಸ್ತಕೊವಿಚ್‌ನ ವಯೋಲಾ ಸೊನಾಟಾದ ಭಾಗವೂ ಇವೆ. ಎರಡನೆಯ ಅಂಕವನ್ನು ಶೊಸ್ತಕೊವಿಚ್‌ನ ಹನ್ನೊಂದನೆಯ ಸಿಂಫನಿ ಆವರಿಸುತ್ತದೆ. 1905ರಲ್ಲಿ ಪೀಟರ್ಸ್‌ಬರ್ಗ್‌ನ ಅರಮನೆಯ ಮುಂದೆ ಜನರ ಮೇಲೆ ನಡೆದ ಗುಂಡಿನ ದಾಳಿ ಅದರ ವಸ್ತು. ನ್ಯೂಮೈಯರ್ ಅದನ್ನು ಮೊದಲ ಮಹಾಯುದ್ಧದ ಸದ್ದಾಗಿಸಿದ್ದಾರೆ. ಸೈನಿಕರ ಅಂಗಿ ತೊಟ್ಟ ನರ್ತಕರು ರಂಗ ತುಂಬುತ್ತಾರೆ. ಬುದ್ಧಿ ಕದಡಿದ ಅಣ್ಣ ಸ್ಟನಿಸ್ಲಾವ್‌ನ ಏಕವ್ಯಕ್ತಿ ನೃತ್ಯ ತಮ್ಮನ ಮುಂದಿನ ದಿನಗಳನ್ನು ಸೂಚಿಸುತ್ತದೆ.

ಇದೇ ಅಂಕದಲ್ಲಿ ನಿಜಿನ್‌ಸ್ಕಿ ಕುರ್ಚಿಯ ಮೇಲೆ ನಿಂತು ಲೆಕ್ಕ ಕೂಗುತ್ತಾನೆ. 1913ರ ಮೇ 29ರಂದು ಪ್ಯಾರಿಸ್‌ನಲ್ಲಿ ಆತನೇ ಸಂಯೋಜಿಸಿದ ‘ವಸಂತೋತ್ಸರ್ಗ’ ಬ್ಯಾಲೆಯ ಮೊದಲ ಪ್ರದರ್ಶನ ಗದ್ದಲದಲ್ಲಿ ಮುಳುಗಿದಾಗ, ವಾದ್ಯಗಳು ಕೇಳಿಸದ ನರ್ತಕರಿಗಾಗಿ ಆತ ರಂಗದ ಪಕ್ಕದಿಂದ ಹೀಗೆಯೇ ತಾಳದ ಎಣಿಕೆ ಕೂಗಿದ್ದ. ಅಂದು ನೃತ್ಯವನ್ನು ಹಿಡಿದಿಟ್ಟ ಕೂಗು, ಇಲ್ಲಿ ಕುಸಿಯುವ ಮನಸ್ಸನ್ನು ಹಿಡಿದಿಡಲು ಹೆಣಗುತ್ತದೆ.

ಬೇರೆಯವರು ಹಿಡಿದ ದಾರಿಗಳು

ಮ್ಯಾಕ್‌ಮಿಲನ್ ‘ಇಸಡೋರಾ’ದಲ್ಲಿ ನಾಯಕಿಯನ್ನು ಇಬ್ಬರಿಗೆ ಹಂಚಿದರು: ನರ್ತಕಿ ಕುಣಿದರೆ, ನಟಿ ಮಾತಾಡುತ್ತಾಳೆ. ಬೋರಿಸ್ ಐಫ್‌ಮನ್ 1997ರ ‘ರೆಡ್ ಜಿಸೆಲ್’ನಲ್ಲಿ ನರ್ತಕಿ ಓಲ್ಗಾ ಸ್ಪೆಸಿವ್ತ್ಸೆವಾಳ ಕಥೆಯನ್ನು ಆಧರಿಸಿಯೂ ಪಾತ್ರಗಳಿಗೆ ಹೆಸರಿಡಲಿಲ್ಲ. ‘ಜಿಸೆಲ್’ ಬ್ಯಾಲೆಯ ನಾಯಕಿಯ ಹುಚ್ಚಿನ ದೃಶ್ಯಕ್ಕೆ ಹೆಸರಾಗಿದ್ದ ಆಕೆ ಮುಂದೆ ಅಮೆರಿಕದ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದಳು. ಪಾತ್ರವೂ ಬದುಕೂ ಒಂದಾಗುವ ಆ ಬಿಂದುವೇ ಕೃತಿಯ ಕೇಂದ್ರ. ಬೊಲ್ಷಾಯ್ ರಂಗಮಂದಿರ 2017ರ ಡಿಸೆಂಬರಿನಲ್ಲಿ ರಂಗಕ್ಕೆ ತಂದ ‘ನುರೆಯೆವ್’ ಆ ಹೆಸರಿನ ನರ್ತಕನ ಆಸ್ತಿಯ ಹರಾಜಿನಿಂದ ಶುರುವಾಗುತ್ತದೆ. ಒಂದೊಂದು ವಸ್ತುವೂ ಒಂದೊಂದು ನೆನಪಿಗೆ ದಾರಿ.

ನೋಡುವ ಮುನ್ನ, ನೋಡುವಾಗ

‘ಪೆಟ್ರುಷ್ಕ’ ಮತ್ತು ‘ಫಾನ್’ ಬ್ಯಾಲೆಗಳ ದೃಶ್ಯಮುದ್ರಣಗಳನ್ನು ಮೊದಲೇ ನೋಡಿಕೊಂಡರೆ ಉಲ್ಲೇಖಗಳು ಸುಲಭವಾಗಿ ಸಿಗುತ್ತವೆ. ಕಥಾಸಾರವನ್ನೂ ಓದಿಕೊಳ್ಳಬೇಕು, ಏಕೆಂದರೆ ಕರಾರು, ತಂತಿ ಸಂದೇಶ, ತಾರೀಖುಗಳನ್ನು ಕುಣಿದು ಹೇಳಲಾಗದು. ಈ ಬಗೆಯ ಕೃತಿ ಸೋಲುವುದು ಹೆಜ್ಜೆಗಳು ಬರೀ ಘಟನೆಗಳ ವರದಿಯಾದಾಗ. ನರ್ತಕನ ಹಳೆಯ ಪಾತ್ರಗಳಿಂದಲೇ ಅವನ ಬದುಕಿಗೆ ಹೊಸ ಅರ್ಥ ಹುಟ್ಟಿದರೆ ಕೃತಿ ಗೆದ್ದಂತೆ.