ಶಾಲೆ ಮುಚ್ಚಿ ವಿದ್ಯಾರ್ಥಿಗೊಂದು ಸ್ಮಾರಕ

ರಾಜ್‌ಕೋಟ್‌ನ ಆಲ್‌ಫ್ರೆಡ್ ಹೈಸ್ಕೂಲು ಈಗ ಮಹಾತ್ಮ ಗಾಂಧಿ ವಸ್ತುಸಂಗ್ರಹಾಲಯ. ಕಟ್ಟಡದ ಮಟ್ಟಿಗೆ ನೋಡಿದರೆ ಕೆಲಸ ಚೆನ್ನಾಗಿಯೇ ಆಗಿದೆ. ರಾಜ್‌ಕೋಟ್ ಇನ್ನೂ ಚಿಕ್ಕ ಊರಾಗಿದ್ದಾಗ, 1853ರಲ್ಲಿ, ಶುರುವಾದ ಇಂಗ್ಲಿಷ್ ಶಾಲೆಗೆ ಜುನಾಗಢದ ನವಾಬರು 1875ರಲ್ಲಿ ಕಟ್ಟಿಸಿಕೊಟ್ಟ ಗಾಥಿಕ್ ಶೈಲಿಯ ಕಟ್ಟಡ ಅದು. ಸುಮಾರು 26 ಕೋಟಿ ರೂಪಾಯಿ ಖರ್ಚಿನಲ್ಲಿ ಅದನ್ನು ದುರಸ್ತಿ ಮಾಡಿ, ಒಳಗೆ ಗ್ಯಾಲರಿಗಳನ್ನು ಜೋಡಿಸಿ, 2018ರ ಸೆಪ್ಟೆಂಬರ್ 30ರಂದು ಉದ್ಘಾಟಿಸಿದರು. ಹಳೆಯ ಕಟ್ಟಡಗಳನ್ನು ಬೀಳುವವರೆಗೂ ಬಿಟ್ಟು, ಬಿದ್ದ ಮೇಲೆ ಮರುಗುವ ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ನನ್ನ ತಕರಾರು ಅದಕ್ಕೂ ಹಿಂದಿನ ವರ್ಷದ್ದು. 2017ರ ಮೇ ತಿಂಗಳಲ್ಲಿ, ಆಗಲೂ ಅಲ್ಲಿ ಓದುತ್ತಿದ್ದ ಮಕ್ಕಳಿಗೆ ಟಿ.ಸಿ. ಕೊಟ್ಟು ಶಾಲೆಯನ್ನು ಮುಚ್ಚಲಾಯಿತು. ಗುಜರಾತಿ ಮಾಧ್ಯಮದ ಸರ್ಕಾರಿ ಶಾಲೆ. ಮಕ್ಕಳು ಕಡಿಮೆಯಾಗಿದ್ದರು, ಫಲಿತಾಂಶ ಕುಸಿದಿತ್ತು. ಆದರೆ ಫಲಿತಾಂಶ ಕೆಟ್ಟರೆ ಬೇಕಾಗುವುದು ಮೇಷ್ಟ್ರು.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಈ ಹೈಸ್ಕೂಲಿನ ದಿನಗಳನ್ನು ವಿವರವಾಗಿ ಬರೆದಿದ್ದಾರೆ. ಅಲ್ಲಿ ಬರುವುದೆಲ್ಲ ತರಗತಿಯೊಳಗಿನ ಸಣ್ಣ ಸಂಗತಿಗಳೇ. ತಪಾಸಣೆಗೆ ಬಂದ ಜೈಲ್ಸ್ ಸಾಹೇಬರು ‘ಕೆಟಲ್’ ಬರೆಯಲು ಹೇಳಿದಾಗ ಹುಡುಗ ಕಾಗುಣಿತ ತಪ್ಪುತ್ತಾನೆ. ಪಕ್ಕದವನ ಸ್ಲೇಟು ನೋಡಿ ಬರೆದುಕೋ ಎಂದು ಮೇಷ್ಟ್ರು ಬೂಟುಗಾಲಿನಿಂದ ಸೂಚಿಸಿದರೂ ಅವನಿಗೆ ಹೊಳೆಯುವುದಿಲ್ಲ. ಹೆಡ್‌ಮಾಸ್ಟರ್ ದೊರಾಬ್ಜಿ ಎದುಲ್ಜಿ ಗಿಮಿಯವರು ವ್ಯಾಯಾಮವನ್ನು ಕಡ್ಡಾಯ ಮಾಡಿರುತ್ತಾರೆ. ಒಂದು ಶನಿವಾರ ಮೋಡ ಕವಿದು, ಕೈಯಲ್ಲಿ ಗಡಿಯಾರವಿಲ್ಲದ ಹುಡುಗ ತಡವಾಗಿ ಬರುತ್ತಾನೆ. ನಿಜ ಹೇಳಿದರೂ ನಂಬದ ಹೆಡ್‌ಮಾಸ್ಟರು ಒಂದೋ ಎರಡೋ ಆಣೆ ದಂಡ ಹಾಕುತ್ತಾರೆ. ದಂಡಕ್ಕಿಂತ ಹೆಚ್ಚಾಗಿ, ಸುಳ್ಳುಗಾರನೆನಿಸಿಕೊಂಡದ್ದಕ್ಕೆ ಹುಡುಗ ಅಳುತ್ತಾನೆ. ಸತ್ಯವಂತನಾದವನು ಎಚ್ಚರದಿಂದಲೂ ಇರಬೇಕೆಂದು ಅವನು ಕಲಿತದ್ದು ಆವತ್ತು. ಸಂಸ್ಕೃತ ಬಿಡಲು ಹೊರಟವನನ್ನು ಕರೆದು ತಿಳಿಹೇಳಿ ಉಳಿಸಿಕೊಂಡವರು ಕೃಷ್ಣಶಂಕರ ಪಂಡ್ಯ ಎಂಬ ಅಧ್ಯಾಪಕರು. 1887ರಲ್ಲಿ ಮೆಟ್ರಿಕ್ ಮುಗಿಸಿದ ಆ ಹುಡುಗ ಓದಿನಲ್ಲಿ ಸಾಧಾರಣ. ಸಾಧಾರಣ ವಿದ್ಯಾರ್ಥಿಗಳ ಜೊತೆ ಇಷ್ಟು ಪಾಡುಪಟ್ಟ ಶಾಲೆಯನ್ನು, ವಿದ್ಯಾರ್ಥಿಗಳು ಸಾಧಾರಣವಾದರೆಂದು ಮುಚ್ಚುವುದು ನನಗೆ ಸಹಿಸಲಾಗದ ಸಂಗತಿ. ಚಲನಚಿತ್ರ, ಬೆಳಕು, ಪರದೆಗಳ ಮೂಲಕ ಗಾಂಧಿಯ ಬದುಕನ್ನು ಎಷ್ಟು ಚೆನ್ನಾಗಿ ತೋರಿಸಿದರೂ ಮೇಷ್ಟ್ರು–ಹುಡುಗರ ಈ ವ್ಯವಹಾರ ಅಲ್ಲಿ ಮತ್ತೆ ನಡೆಯುವುದಿಲ್ಲ.

ಊರಿನಲ್ಲಿ ಗಾಂಧಿಗೆ ಸ್ಮಾರಕ ಇರಲಿಲ್ಲವೇ ಎಂದರೆ, ಇತ್ತು. ಅವರು ಬೆಳೆದ ಮನೆ ‘ಕಬಾ ಗಾಂಧಿ ನೋ ಡೇಲೋ’ ಮೊದಲಿನಿಂದಲೂ ಇದೆ. 1921ರಲ್ಲಿ ಶುರುವಾದ ರಾಷ್ಟ್ರೀಯ ಶಾಲೆಯೂ ಇದೆ. 1939ರ ಮಾರ್ಚಿನಲ್ಲಿ ರಾಜ್‌ಕೋಟ್ ಸತ್ಯಾಗ್ರಹದ ವೇಳೆ ಗಾಂಧೀಜಿ ಉಪವಾಸ ಕೂತದ್ದು ಅಲ್ಲೇ. ಆ ಶಾಲೆಯ ಉಪಯೋಗವೂ ಕಾಲಕಾಲಕ್ಕೆ ಬದಲಾಗಿದೆ. ಆದರೆ ಖಾದಿ, ಪಟೋಲಾ ನೇಯ್ಗೆ ಎಂದು ಕಲಿಯುವ ಕೈಗಳಿಗೆ ಅಲ್ಲಿ ಕೆಲಸ ಉಳಿದಿದೆ. ಶಾಲೆಯ ಕಟ್ಟಡವೊಂದು ರೂಪ ಬದಲಿಸುವುದಾದರೆ ಹೀಗೆ ಬದಲಿಸಬೇಕು.

ಇದು ಗುಜರಾತಿನ ಮಾತು ಮಾತ್ರವಲ್ಲ. ಮೈಸೂರಿನಲ್ಲಿ ವಿವೇಕಾನಂದ ಸ್ಮಾರಕಕ್ಕಾಗಿ ಹೆಣ್ಣುಮಕ್ಕಳ ಹಳೆಯ ಎನ್‌ಟಿಎಂ ಶಾಲೆಯನ್ನು 2022ರಲ್ಲಿ ಕೆಡವಿದರು. ಜಾಗದ ಹಕ್ಕನ್ನು ನ್ಯಾಯಾಲಯ ತೀರ್ಮಾನಿಸಿತು, ಸರಿ. ಶಿಕ್ಷಣವನ್ನೇ ಸಾರಿದ ಸಂತನ ಹೆಸರಿನಲ್ಲಿ ಶಾಲೆ ಹೋಯಿತಲ್ಲ ಎಂಬ ನೋವಿಗೆ ಅದು ಉತ್ತರವಲ್ಲ.

ರಾಜ್‌ಕೋಟ್‌ನಲ್ಲಿ ಗೋಡೆಗಳಾದರೂ ನಿಂತಿವೆ. ಗ್ಯಾಲರಿಗಳು ಮೇಲಂತಸ್ತಿನಲ್ಲಿ ಇರಲಿ. ಕೆಳಗಿನ ನಾಲ್ಕು ಕೋಣೆಗಳನ್ನು ಸಂಜೆ ಹೊತ್ತು ತೆರೆದು, ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯಲ್ಲಿ ಫೇಲಾದ ಬಡಮಕ್ಕಳಿಗೆ ಗಣಿತ, ಇಂಗ್ಲಿಷ್ ಪಾಠ ಮಾಡಿಸಲಿ. ಟಿಕೆಟ್ಟಿನಿಂದ ಬರುವ ಹಣದಲ್ಲೇ ಮೇಷ್ಟ್ರ ಸಂಬಳ ಕೊಡಬಹುದು.