ಗೇಟಿನ ತೂಕ, ಅಡುಗೆಮನೆಯ ಲೆಕ್ಕ

ಬೆಂಗಳೂರಿನ ದೊಡ್ಡ ಕಚೇರಿ, ಹೋಟೆಲುಗಳಲ್ಲಿ ‘ವೇಸ್ಟ್ ಆಡಿಟ್’ ಈಗ ಹೊಸ ಮಾತಲ್ಲ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಲಾರಿ ಹೋಗುವುದು ನಿಂತು ನಗರದ ಬೀದಿಗಳಲ್ಲೇ ಕಸ ಕೊಳೆಯಿತು. 2014ರಲ್ಲಿ, ಅದೇ ಕಸ ಬಂದು ಬೀಳುತ್ತಿದ್ದ ಮಂಡೂರಿನ ಜನ ಇನ್ನು ಸಾಕು ಎಂದು ರಸ್ತೆಗಿಳಿದರು. ರಾಶಿ ರಾಶಿ ಕಸ ಹಾಕುವವರು ಅದರ ಹೊಣೆಯನ್ನೂ ಹೊರಲಿ ಎಂಬ ಕೂಗು ಬಲವಾಯಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸವಾಗುವ ಸಂಸ್ಥೆಗಳನ್ನು ಬೇರೆಯೇ ವರ್ಗವಾಗಿ ಗುರುತಿಸಿದವು. ಹೀಗೆ ಕಸವನ್ನು ತೂಗಿ ಬರೆದಿಡುವ ರೂಢಿ ಬಂತು. ಆದರೆ ಎಲ್ಲಿ ನಿಂತು ತೂಗುತ್ತಾರೆ ಎಂದು ಕೇಳಬೇಕು. ಈ ರೂಢಿಯ ಸತ್ವ, ಪೊಳ್ಳು ಎರಡೂ ಅಲ್ಲಿ ಗೊತ್ತಾಗುತ್ತವೆ.

ಸಾಮಾನ್ಯವಾಗಿ ತೂಕ ನಡೆಯುವುದು ಹಿಂಬದಿಯ ಗೇಟಿನಲ್ಲಿ, ಕಸದ ಗಾಡಿ ಬಂದಾಗ. ಹಸಿ ಕಸ ಇಷ್ಟು, ಒಣ ಕಸ ಇಷ್ಟು ಎಂದು ಎರಡು ಅಂಕಿ ಬರೆದರೆ ಆಯಿತು. ತಿಂಗಳ ಕೊನೆಗೆ ಅದೇ ಅಂಕಿಗಳು ಬಣ್ಣದ ಚಾರ್ಟಾಗಿ ವರದಿಯಲ್ಲಿ ಕೂರುತ್ತವೆ. ಇಷ್ಟು ಟನ್ ಮರುಬಳಕೆಗೆ ಹೋಯಿತು ಎಂಬ ಹೆಮ್ಮೆಯೂ ಜೊತೆಗಿರುತ್ತದೆ. ಆ ಟನ್ನುಗಳಲ್ಲಿ ಎಷ್ಟು ಭಾಗ ಹುಟ್ಟಲೇಬಾರದಿತ್ತು ಎಂಬ ಪ್ರಶ್ನೆ ಮಾತ್ರ ಅಲ್ಲಿ ಏಳುವುದಿಲ್ಲ. ಕಿಲೋ ಲೆಕ್ಕದಲ್ಲಿ ಹಣ ಪಡೆದು ಕಸ ಒಯ್ಯುವ ಗುತ್ತಿಗೆದಾರನ ಕೈಗೇ ಆಡಿಟ್ಟನ್ನೂ ಕೊಡುವ ಪದ್ಧತಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಸ ಕಡಿಮೆಯಾದರೆ ಅವನ ಬಿಲ್ಲೂ ಕಡಿಮೆಯಾಗುತ್ತದೆ. ಕಸ ಇಳಿಸುವ ದಾರಿಯನ್ನು ಅವನೇ ತೋರಿಸಲಿ ಎಂದು ಬಯಸುವುದು ನ್ಯಾಯವೂ ಅಲ್ಲ.

ಒಳ್ಳೆಯ ಆಡಿಟ್ ಕಸ ಹುಟ್ಟುವ ಜಾಗಕ್ಕೇ ಹೋಗುತ್ತದೆ. ಕ್ಯಾಂಟೀನಿನಲ್ಲಿ ಒಂದರ ಬದಲು ಮೂರು ಡಬ್ಬ ಇಟ್ಟು ನೋಡಿ. ತರಕಾರಿ ಹೆಚ್ಚುವಲ್ಲಿ ಬಿದ್ದದ್ದು ಒಂದಕ್ಕೆ, ಬೇಯಿಸಿದ್ದು ಬಡಿಸದೆ ಉಳಿದದ್ದು ಇನ್ನೊಂದಕ್ಕೆ, ತಟ್ಟೆಯ ಎಂಜಲು ಮತ್ತೊಂದಕ್ಕೆ. ಗೇಟಿನಲ್ಲಿ ಮೂರೂ ‘ಹಸಿ ಕಸ’ವೇ. ಒಳಗೆ ಒಂದೊಂದಕ್ಕೂ ಒಂದೊಂದು ಕಾರಣ. ಮೊದಲನೆಯದು ತುಂಬಿದ್ದರೆ ಎಲೆಕೋಸು, ಸೊಪ್ಪು ಕೊಳ್ಳುವಾಗಲೇ ಎಡವಟ್ಟಾಗಿದೆ, ಇಲ್ಲವೇ ಹೆಚ್ಚುವ ಕೈಯಲ್ಲಿ ಧಾರಾಳ ಜಾಸ್ತಿ. ಎರಡನೆಯದು ತುಂಬಿದ್ದರೆ ಊಟಕ್ಕೆ ಎಷ್ಟು ಜನ ಬರುತ್ತಾರೆ ಎಂಬ ಅಂದಾಜೇ ತಪ್ಪು. ಮೂರನೆಯದರಲ್ಲಿ ಅನ್ನವೇ ಮೇಲುಗೈಯಾಗಿದ್ದರೆ ಬಡಿಸುವ ಸೌಟು ದೊಡ್ಡದು. ಪಲ್ಯವೇ ಹೆಚ್ಚಿದ್ದರೆ ಅಡುಗೆಯವರೊಂದಿಗೆ ಬೇರೆ ಮಾತಾಡಬೇಕು.

500 ಜನ ಉಣ್ಣುವ ಕ್ಯಾಂಟೀನಿನಲ್ಲಿ ತಟ್ಟೆಗೆ 40 ಗ್ರಾಂ ಅನ್ನ ಉಳಿಯಿತೆಂದುಕೊಳ್ಳಿ. ಒಂದು ಹೊತ್ತಿಗೆ 20 ಕೆ.ಜಿ., 25 ದಿನಕ್ಕೆ 500 ಕೆ.ಜಿ. ಮಾಲೀಕರು ಇದಕ್ಕೆ ದುಡ್ಡು ಕೊಡುವುದು ಒಂದು ಸಲವಲ್ಲ. ಅಕ್ಕಿಗೆ, ಗ್ಯಾಸಿಗೆ, ನೀರಿಗೆ, ಬೇಯಿಸುವವರ ಕೂಲಿಗೆ ಕೊಟ್ಟು, ಕೊನೆಗೆ ಅದನ್ನು ಸಾಗಿಸುವವರಿಗೂ ಕೊಡುತ್ತಾರೆ. ಗೇಟಿನ ತೂಕದಲ್ಲಿ ಕಾಣುವುದು ಆ ಕೊನೆಯ ಖರ್ಚೊಂದೇ. ‘ಚಾಂಪಿಯನ್ಸ್ 12.3’ ಎಂಬ ಅಂತರರಾಷ್ಟ್ರೀಯ ಕೂಟದ 2017ರ ವರದಿ 17 ದೇಶಗಳ ಸುಮಾರು 700 ಕಂಪನಿಗಳ ಲೆಕ್ಕ ನೋಡಿತು. ಆಹಾರ ಪೋಲನ್ನು ತಗ್ಗಿಸಲು ಒಂದು ಡಾಲರ್ ಹಾಕಿದ ಕಡೆ 14 ಡಾಲರ್ ಉಳಿದದ್ದನ್ನು ಮಧ್ಯಾಂಕವಾಗಿ ಅದು ತೋರಿಸಿತು. ನಮ್ಮ ದರ್ಶಿನಿಗೆ ಇದೇ ಅನುಪಾತ ಸಿಗುತ್ತದೆಂದು ನಾನು ಹೇಳಲಾರೆ. ಲಾಭ ಯಾವ ಕಡೆಯಿಂದ ಬರುತ್ತದೆ ಎಂಬುದಕ್ಕೆ ಮಾತ್ರ ಇದು ಸಾಕು.

ಒಣ ಕಸದ ಕತೆ ಚಿಕ್ಕದು. ರಟ್ಟಿನ ಪೆಟ್ಟಿಗೆ ಒಣಗಿದ್ದರೆ ಗುಜರಿಯಲ್ಲಿ ಬೆಲೆ, ಅದರ ಮೇಲೆ ಸಾಂಬಾರ್ ಚೆಲ್ಲಿದರೆ ಕೇಳುವವರಿಲ್ಲ. ಚಿಪ್ಸ್ ಪ್ಯಾಕೆಟ್ಟನ್ನಂತೂ ಗುಜರಿಯವರು ಮುಟ್ಟುವುದಿಲ್ಲ. ಒಳಗೆ ಪ್ಲಾಸ್ಟಿಕ್ ಪದರವಿರುವ ಕಾಗದದ ಲೋಟ ರದ್ದಿ ಕಾಗದದ ಜೊತೆ ಸೇರುವುದಿಲ್ಲ. ಕಾಫಿ ಮೆಷಿನ್ನಿನ ಪಕ್ಕ ಸ್ಟೀಲ್ ಲೋಟ, ಅದನ್ನು ತೊಳೆಯಲು ಒಂದು ಸಿಂಕ್ ಇಟ್ಟರೆ ಆ ತಲೆನೋವೇ ಇಲ್ಲ.

ಈ ವರದಿಗಳಲ್ಲಿ ನನಗೆ ಎದ್ದು ಕಾಣುವ ದೊಡ್ಡ ಕೊರತೆ ಬೇರೆ. ಯಾವ ಮಹಡಿಯ ಬುಟ್ಟಿಯಲ್ಲಿ ಏನು ಬೀಳುತ್ತದೆ, ಯಾವ ದಿನ ಊಟ ಮಿಗುತ್ತದೆ ಎಂಬುದು ಹೌಸ್‌ಕೀಪಿಂಗ್ ಹೆಂಗಸರಿಗೆ ಬಾಯಿಪಾಠ. ವರದಿ ಬರೆಯುವವರು ಅವರನ್ನು ಕೂರಿಸಿ ಮಾತಾಡಿಸುವುದಿಲ್ಲ. ಒಡೆದ ಗಾಜು, ಬಳಸಿದ ಪ್ಯಾಡು ಯಾವ ಚೀಲದಲ್ಲಿ ಹೇಗೆ ಸೇರಿಕೊಳ್ಳುತ್ತವೆ ಎಂಬುದೂ ಅವರಿಗೇ ಗೊತ್ತು, ಏಕೆಂದರೆ ಕುಯ್ಯುವುದು ಅವರ ಬೆರಳನ್ನೇ. ಬೆಂಗಳೂರಿನಲ್ಲಿ ಹಸಿರುದಳದಂಥ ಸಂಘಟನೆಗಳು ಚಿಂದಿ ಆಯುವವರ ತಿಳಿವಳಿಕೆಯನ್ನು ನಗರದ ಕೆಲಸಕ್ಕೆ ಒದಗಿಸಿಕೊಟ್ಟಿವೆ. ಕಂಪನಿಗಳು ಅಷ್ಟು ದೂರವೂ ಹೋಗಬೇಕಿಲ್ಲ. ಬಲ್ಲವರು ಅವರ ಕಟ್ಟಡದೊಳಗೇ ಇದ್ದಾರೆ.

ಒಂದೇ ದಿನದ ಆಡಿಟ್ಟನ್ನೂ ನಾನು ನಂಬುವುದಿಲ್ಲ. ಸೋಮವಾರದ ಕಸ ಶುಕ್ರವಾರದ್ದಲ್ಲ, ಆಯುಧಪೂಜೆಯ ವಾರದ್ದಂತೂ ಎರಡೂ ಅಲ್ಲ. ಕನಿಷ್ಠ ಒಂದು ಪೂರ್ತಿ ವಾರ ತೂಗಬೇಕು, ಬದಲಾವಣೆ ಮಾಡಿದ ಮೇಲೆ ಇನ್ನೊಮ್ಮೆ ತೂಗಬೇಕು. ಆ ಎರಡನೆಯ ತೂಕವನ್ನೇ ಬಹಳಷ್ಟು ಕಡೆ ಬಿಟ್ಟುಬಿಡುತ್ತಾರೆ. ವರದಿಯ ಪ್ರತಿಯೂ ಪರಿಸರ ವಿಭಾಗದ ಕಡತ ಸೇರಿ ಅಲ್ಲೇ ಉಳಿಯುತ್ತದೆ. ಅದು ಹೋಗಬೇಕಾದದ್ದು ಅಕ್ಕಿ, ಲೋಟ, ಪೆಟ್ಟಿಗೆಗಳ ಆರ್ಡರಿಗೆ ಸಹಿ ಹಾಕುವ ಖರೀದಿ ವಿಭಾಗಕ್ಕೆ, ಮುಂದಿನ ತಿಂಗಳ ಆರ್ಡರ್ ಹೋಗುವ ಮೊದಲೇ.